ಕ್ಯಾಮೆರಾ ಬಂದ ಮೇಲೂ ಉಳಿದ ಭಾವಚಿತ್ರ

ಕ್ಷಣದಲ್ಲಿ ಫೋಟೊ ಸಿಗುವಾಗ ಒಂದು ಮುಖಕ್ಕಾಗಿ ವಾರಗಟ್ಟಲೆ ಕುಂಚ ಹಿಡಿಯುವುದೇಕೆ? ಶಾಸ್ತ್ರೀಯ ಭಾವಚಿತ್ರದ ಕಾಲ ಮುಗಿಯಿತೆಂದು ಕೆಲವರು, ಕಲೆಯೆಂದರೆ ಅದೊಂದೇ ಎಂದು ಕೆಲವರು ವಾದಿಸುತ್ತಲೇ ಇದ್ದಾರೆ. ಈ ಜಗಳಕ್ಕೆ ದೀರ್ಘ ಹಿನ್ನೆಲೆಯಿದೆ.

ಸುಮಾರು 2000 ವರ್ಷಗಳ ಹಿಂದೆ ಈಜಿಪ್ಟಿನ ಫಯೂಮ್‌ನಲ್ಲಿ ಮಮ್ಮಿಗಳ ಮೇಲಿಡಲು ಮರದ ಹಲಗೆಗಳಲ್ಲಿ ಮುಖಗಳನ್ನು ಬರೆಯುತ್ತಿದ್ದರು. 1433ರಲ್ಲಿ ಯುರೋಪಿನ ಚಿತ್ರಕಾರ ಯಾನ್ ವಾನ್ ಐಕ್ ತೈಲವರ್ಣದ ತೆಳು ಪದರಗಳಿಂದ ಕೆಂಪು ರುಮಾಲಿನವನ ಕುರುಚಲು ಗಡ್ಡವನ್ನೂ ಕಣ್ಣಿನ ಕೆಂಪು ನರಗಳನ್ನೂ ಕಾಣಿಸಿದ. ಆಮೇಲೆ ಅರಸರು, ಪೋಪರು, ವರ್ತಕರು ಎಲ್ಲರೂ ಚಿತ್ರಕಾರರ ಮುಂದೆ ಕುಳಿತರು.

ಈ ಕಲೆಯ ಸೆಳೆತ ಅರಿಯಲು ಡಚ್ ಚಿತ್ರಕಾರ ರೆಂಬ್ರಾಂಟ್‌ನ ಬಳಿ ನಿಲ್ಲಲೇಬೇಕು. ಇಪ್ಪತ್ತರ ಆಸುಪಾಸಿನಲ್ಲಿ, ಸುಮಾರು 1628ರಲ್ಲಿ, ಬರೆದುಕೊಂಡ ತನ್ನದೇ ಚಿತ್ರದಲ್ಲಿ ಕಣ್ಣುಗಳನ್ನು ನೆರಳಿಗೆ ಬಿಟ್ಟು ಕೆನ್ನೆಯ ಮೇಲಷ್ಟೇ ಬೆಳಕು ಚೆಲ್ಲಿದ. ಗುಂಗುರು ಕೂದಲಿಗೆ ಹೊಸ ಬಣ್ಣ ಹಚ್ಚಲಿಲ್ಲ. ಹಸಿ ಬಣ್ಣವನ್ನು ಕುಂಚದ ಹಿಡಿಯಿಂದ ಗೀರಿದ. 1656ರಲ್ಲಿ ದಿವಾಳಿಯಾದ ನಂತರ ಬರೆದ ಸ್ವಂತ ಚಿತ್ರಗಳಲ್ಲಿ ಬಣ್ಣ ಇನ್ನೂ ದಪ್ಪ, ಗೆರೆ ಇನ್ನೂ ಸಡಿಲ. ಕೈಗಳಿಗೆ ನಾಲ್ಕಾರು ಗೀಟು, ಮುಖಕ್ಕೆ ಮಾತ್ರ ಅಪಾರ ತಾಳ್ಮೆ. ಎಲ್ಲಿ ಅಂಚು ಹರಿತವಾಗಿರಬೇಕು, ಎಲ್ಲಿ ನೆರಳಿನಲ್ಲಿ ಕರಗಬೇಕು ಎಂಬುದನ್ನು ಅವನು ಆಯ್ದುಕೊಳ್ಳುತ್ತಿದ್ದ. ಬಿಟ್ಟದ್ದನ್ನು ನೋಡುವವರ ಕಣ್ಣು ತಾನಾಗಿ ತುಂಬಿಕೊಳ್ಳುತ್ತದೆ. ಹತ್ತಿರ ಹೋದರೆ ಬರೀ ಬಣ್ಣದ ಮುದ್ದೆ, ಎರಡು ಹೆಜ್ಜೆ ಹಿಂದೆ ಸರಿದರೆ ಬಾಳಿ ಬಸವಳಿದ ಮನುಷ್ಯ.

1839ರಲ್ಲಿ ಲೋಹದ ತಗಡಿನ ಮೇಲೆ ಫೋಟೊ ಮೂಡಿಸುವ ಡಾಗೆರೊಟೈಪ್ ಬಂತು. ಪುಟ್ಟ ಭಾವಚಿತ್ರ ಬರೆದು ಬದುಕುತ್ತಿದ್ದವರಿಗೆ ಮೊದಲ ಪೆಟ್ಟು ಬಿತ್ತು. ಹೋಲಿಕೆ ಯಂತ್ರದ ಪಾಲಾದ ಮೇಲೆ ಕಲಾವಿದರು ಬೇರೆ ದಾರಿ ಹುಡುಕಿದ್ದು ಸಹಜವೇ. ಆದರೆ 20ನೇ ಶತಮಾನ ಸಾಗಿದಂತೆ ಹಲವು ಕಲಾಶಾಲೆಗಳಲ್ಲಿ ಮನುಷ್ಯನನ್ನು ಎದುರಿಗೆ ಕೂರಿಸಿ ಬರೆಯುವ ಪಾಠವೇ ಹಿಂದೆ ಬಿತ್ತು. ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ ಅಷ್ಟು ಬೇಗ ಮೂಲೆಗೆ ಸೇರಬೇಕಾಗಿರಲಿಲ್ಲ.

1991ರಲ್ಲಿ ಆರಂಭವಾದ ಫ್ಲಾರೆನ್ಸ್ ಅಕಾಡೆಮಿ ಆಫ್ ಆರ್ಟ್‌ನಂಥ ಶಾಲೆಗಳು ಆ ಪಾಠವನ್ನು ಮತ್ತೆ ಕಲಿಸುತ್ತಿವೆ: ಮೊದಲು ಪ್ಲಾಸ್ಟರ್ ಪ್ರತಿಮೆ ನೋಡಿ ಇದ್ದಿಲಿನಿಂದ ಬರೆಯುವುದು, ಬಣ್ಣ ಆಮೇಲೆ. ಈಗಿನ ತಕರಾರು ಫೋಟೊ ನೋಡಿ ಬರೆಯಬಹುದೇ ಎಂಬುದು. ಫೋಟೊದ ನೆರಳು ಎಷ್ಟೋ ಸಲ ಬರೀ ಕಪ್ಪಾಗಿಬಿಡುತ್ತದೆ. ಎದುರಿಗೆ ಕುಳಿತವರ ಕತ್ತಿನ ನೆರಳಿನಲ್ಲಿ ಹಸಿರು, ನೇರಳೆ, ಅಂಗಿಯಿಂದ ಹೊಮ್ಮಿದ ಬೆಳಕು ಎಲ್ಲವೂ ಕಾಣುತ್ತವೆ. ಅದನ್ನು ಕಂಡು ಪಳಗಿದವರಿಗೆ ಫೋಟೊ ಒಳ್ಳೆಯ ನೆರವು. ಫೋಟೊದಿಂದಲೇ ಕಲಿಕೆ ಶುರು ಮಾಡಿದವರು ಆ ಕಪ್ಪನ್ನೇ ಕ್ಯಾನ್ವಾಸಿಗೆ ಇಳಿಸುತ್ತಾರೆ.