ಮೂರನೇ ತಲೆಮಾರಿಗೇ ಆಟ ಸಪ್ಪೆಯಾಗುತ್ತಿದೆ, ಹತ್ತು ಮುಟ್ಟೋದು ಹೇಗೆ?

ಪ್ರಶ್ನೆ: ಸಿಮ್ಸ್ 4 ಅನ್ನೋ ಕಂಪ್ಯೂಟರ್ ಆಟದಲ್ಲಿ ಲೆಗಸಿ ಚಾಲೆಂಜ್ (ಒಂದೇ ವಂಶವನ್ನು ಹತ್ತು ತಲೆಮಾರು ಆಡಿಸೋದು) ಆಡುತ್ತಿದ್ದೇನೆ. ಮೊದಲ ಎರಡು ತಲೆಮಾರು ತುಂಬಾ ಚೆನ್ನಾಗಿ ಹೋಗುತ್ತೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಕೈತುಂಬ ದುಡ್ಡು, ಮನೆತುಂಬ ಜನ, ಆದರೆ ಆಡೋಕೆ ಮನಸ್ಸೇ ಬರಲ್ಲ. ಯಾಕೆ ಹೀಗೆ?

ಉತ್ತರ: ಈ ಚಾಲೆಂಜ್‌ನಲ್ಲಿ ಹೆಚ್ಚಿನವರು ಸಿಕ್ಕಿಬೀಳೋದು ಇಲ್ಲೇ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ಕೈತುಂಬ ದುಡ್ಡು.

ಶುರುವನ್ನು ನೆನಪಿಸಿಕೊಳ್ಳಿ. ದೊಡ್ಡ ಖಾಲಿ ಲಾಟ್ (ಸೈಟ್), ಒಬ್ಬನೇ ಸಿಮ್ (ಆಟದ ಪಾತ್ರ), ಕೈಯಲ್ಲಿ ಆಟದ ದುಡ್ಡು 1,800 ಸಿಮೋಲಿಯನ್, ಚೀಟ್ ಇಲ್ಲ. ಬೆಂಚಿನ ಮೇಲೆ ನಿದ್ದೆ. ಮೀನು ಹಿಡಿದು, ಕಲ್ಲು ಅಗೆದು ಮಾರಿದರೆ ಊಟ. ನಾಲ್ಕು ಗೋಡೆ ಎದ್ದ ದಿನ ಹಬ್ಬ. ಮೂರನೇ ತಲೆಮಾರಿನ ಮಗುವಿಗೆ ಇದ್ಯಾವುದೂ ಇರೋದಿಲ್ಲ. ಅದು ಹುಟ್ಟುವಾಗಲೇ ಎಲ್ಲ ಸಿಕ್ಕಾಗಿದೆ. ಹಾಗಾಗಿ ಪ್ರತಿ ತಲೆಮಾರಿಗೂ ಒಂದು ಹೊಸ ಕೊರತೆಯನ್ನು ನೀವೇ ತಂದಿಡಬೇಕು.

ನಾನು ಮಾಡೋದು ಹೀಗೆ. ಹಿಂದಿನವರು ದುಡಿದ ದಾರಿಯಲ್ಲಿ ಮುಂದಿನವರು ದುಡಿಯೋ ಹಾಗಿಲ್ಲ. ಅಜ್ಜಿ ಚಿತ್ರ ಬಿಡಿಸಿ ಮನೆ ಕಟ್ಟಿದ್ದರೆ, ಮಗನಿಗೆ ತೋಟ, ಮೊಮ್ಮಗಳಿಗೆ ಪ್ರೋಗ್ರಾಮಿಂಗ್. ಉಳಿದ ದುಡ್ಡನ್ನೆಲ್ಲ ಮನೆಗೇ ಸುರಿಯಬೇಕು. ಒಂದು ತಲೆಮಾರಿಗೆ ಒಂದು ದೊಡ್ಡ ಕೆಲಸ: ಒಬ್ಬರು ಗಾಜಿನ ಮನೆ ಕಟ್ಟಿದರೆ, ಇನ್ನೊಬ್ಬರು ಹಳೆಯ ಚಿತ್ರಗಳಿಗಾಗಿಯೇ ಒಂದು ಕೋಣೆ. ಖಾತೆ ಖಾಲಿಯಾದಾಗ ಆಟಕ್ಕೆ ಮತ್ತೆ ರುಚಿ ಬರುತ್ತೆ.

ಇದಕ್ಕಿಂತಲೂ ದೊಡ್ಡ ವಿಷಯ ವಾರಸುದಾರರ, ಅಂದರೆ ಮುಂದಿನ ತಲೆಮಾರಲ್ಲಿ ನೀವು ಆಡಿಸುವ ಮಗುವಿನ, ಆಯ್ಕೆ. ಮಕ್ಕಳು ಬೆಳೆದ ಮೇಲೆ ಅವರಲ್ಲಿ ಚೆನ್ನಾಗಿರುವವರನ್ನು ಆರಿಸಿಕೊಳ್ಳಬೇಡಿ. ಹಾಗೆ ಆರಿಸುತ್ತಾ ಹೋದರೆ ಎಲ್ಲ ತಲೆಮಾರೂ ಒಂದೇ ಥರ ಆಗಿಬಿಡುತ್ತೆ. ಹಿರಿಯ ಮಗುವೋ, ಕಿರಿಯದೋ, ಮೊದಲ ಮಗು ಹುಟ್ಟುವ ಮುಂಚೆಯೇ ನಿಯಮ ಮಾಡಿಬಿಡಿ. ಟ್ರೈಟ್‌ಗಳನ್ನೂ (ಸಿಮ್‌ನ ಸ್ವಭಾವಗಳು) ದಾಳ ಉರುಳಿಸಿಯೇ ತೆಗೆದುಕೊಳ್ಳಿ. ನನ್ನ ನಾಲ್ಕನೇ ತಲೆಮಾರಿನ ಹುಡುಗಿಗೆ ನಾನ್‌ಕಮಿಟಲ್ ಬಂತು. ಒಂದೇ ಕೆಲಸದಲ್ಲಿ ಬಹಳ ದಿನ ಇದ್ದರೆ ಅವಳಿಗೆ ಚಡಪಡಿಕೆ. ಮೊದಲು ನನಗೆ ಬೇಸರವೇ ಆಯ್ತು. ಆಮೇಲೆ ಅವಳು ಕೆಲಸ ಬಿಟ್ಟು ಇನ್ನೊಂದು ಹಿಡಿಯೋದೇ ಆ ತಲೆಮಾರಿನ ಕಥೆಯಾಯ್ತು. ಇಡೀ ವಂಶದಲ್ಲಿ ನನಗೆ ಜಾಸ್ತಿ ಇಷ್ಟವಾದವಳು ಅವಳೇ.

ಇನ್ನು ಮನೆತುಂಬ ಜನ ಅಂದಿರಲ್ಲ. ಒಂದು ಮನೆಯಲ್ಲಿ ಎಂಟೇ ಸಿಮ್‌ಗಳಿಗೆ ಜಾಗ. ಎಂಟು ತುಂಬಿದರೆ ಮುಂದಿನ ಮಗು ಹುಟ್ಟುವ ಹಾಗಿಲ್ಲ. ಹಾಗಾಗಿ ಎರಡು, ಹೆಚ್ಚೆಂದರೆ ಮೂರು ಮಕ್ಕಳು ಸಾಕು. ವಾರಸುದಾರರ ಅಣ್ಣ, ತಂಗಿಯರು ಯಂಗ್ ಅಡಲ್ಟ್ (ಹರೆಯದ ವಯಸ್ಕರು) ಆದ ಕೂಡಲೇ ಬೇರೆ ಮನೆ ಮಾಡಿಕೊಡಿ. ಹೊರಗೆ ಹೋದವರ ಬದುಕಲ್ಲಿ ಏನೇನು ತಾನಾಗಿ ಬದಲಾಗಬಹುದು ಅನ್ನೋದನ್ನು ನೇಬರ್‌ಹುಡ್ ಸ್ಟೋರೀಸ್ ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಿ. ಬೇರೆ ಮನೆಯವರಿಗೂ ವಯಸ್ಸಾಗುವ ಸೆಟ್ಟಿಂಗ್ ಅನ್ನೂ ಮರೀಬೇಡಿ. ಇಲ್ಲದಿದ್ದರೆ ನಿಮ್ಮ ಸಿಮ್ ಮುದುಕನಾದರೂ ಅಕ್ಕ ಹಾಗೇ ಹರೆಯದಲ್ಲಿ ಇದ್ದುಬಿಡಬಹುದು.

ಮೊದಲ ಮಗು ಯಂಗ್ ಅಡಲ್ಟ್ ವಯಸ್ಸಿನ ಶುರುವಿನಲ್ಲೇ ಆಗಲಿ. ಬಸಿರು ಮೂರೇ ದಿನ, ಕಾಯೋದೇನೂ ಜಾಸ್ತಿ ಇಲ್ಲ. ಹೀಗೆ ಮಾಡಿದರೆ ಮೊಮ್ಮಗು ಬರುವಾಗ ಅಜ್ಜ ಅಜ್ಜಿ ಇನ್ನೂ ಇರುತ್ತಾರೆ, ಮಗು ನೋಡಿಕೊಳ್ಳುತ್ತಾರೆ. ಎರಡನೆಯದು ಮೊದಲನೆಯದು ಸ್ಕೂಲಿಗೆ ಹೋಗತೊಡಗಿದ ಮೇಲೆ. ಒಟ್ಟಿಗೆ ಇಬ್ಬರು ಟಾಡ್ಲರ್‌ಗಳನ್ನು (ಆಗಷ್ಟೇ ನಡೆ, ಮಾತು ಕಲಿಯುವ ಪುಟಾಣಿಗಳು) ಸಾಕೋದು ನಿಜಕ್ಕೂ ಸುಸ್ತು ಮಾಡುವ ಕೆಲಸ.

ಟಾಡ್ಲರ್ ಹಂತದಲ್ಲಿ ಮಾತ್ರ ವಾರಸುದಾರರಿಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ನಡೆ, ಮಾತು, ಯೋಚನೆ, ಕಲ್ಪನೆ ನಾಲ್ಕೂ ಸ್ಕಿಲ್ 5ನೇ ಲೆವೆಲ್‌ಗೆ, ಪಾಟಿ (ಶೌಚದ ಅಭ್ಯಾಸ) 3ಕ್ಕೆ ಬಂದರೆ ಟಾಪ್ ನಾಚ್ ಟಾಡ್ಲರ್ ಟ್ರೈಟ್ ಸಿಗುತ್ತೆ. ಅದರಿಂದ ಮುಂದೆ ಯಾವ ಸ್ಕಿಲ್ ಆದರೂ ಬೇಗ ಬರುತ್ತೆ. ಉಳಿದ ಮಕ್ಕಳಿಗೆ ಎಲ್ಲವೂ 3ಕ್ಕೆ ಮುಟ್ಟಿದರೆ ಸಾಕು.

ಸಿಮ್‌ನ ಆಸೆಗಳು ಈಡೇರಿದಾಗ ಕೂಡುವ ಪಾಯಿಂಟ್‌ಗಳಲ್ಲಿ 1,500 ಕೊಟ್ಟರೆ ಸಿಗುವ ಪೋಷನ್ ಆಫ್ ಯೂತ್ ಬಗ್ಗೆಯೂ ಒಂದು ಮಾತು. ಈಗಿರುವ ವಯಸ್ಸಿನ ಹಂತವನ್ನು ಅದು ಮತ್ತೆ ಮೊದಲಿಂದ ಶುರು ಮಾಡುತ್ತೆ. ಮೊದಲ ಸಿಮ್ ಮೇಲಿನ ಪ್ರೀತಿಗೆ ಅದನ್ನು ಕುಡಿಸೋಣ ಅನ್ನಿಸುತ್ತೆ, ಅಲ್ವಾ? ಬೇಡ ಅಂತೀನಿ. ಅವರು ಹೋದ ದಿನ ನೋವಾಗುತ್ತೆ, ನಿಜ. ಆದರೆ ಅಂಗಳದ ಮೂಲೆಯಲ್ಲಿ ಸಮಾಧಿಗಳು ಸಾಲಾಗಿ ನಿಂತಾಗಲೇ ಆ ಮನೆ ಒಂದು ವಂಶದ ಮನೆ ಅನ್ನಿಸೋದು.

ತಲೆಮಾರು ಬದಲಾದಾಗಲೆಲ್ಲ ಸೇವ್ ಆಸ್ ಒತ್ತಿ ಬೇರೆ ಹೆಸರಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಮಾಡ್ (ಆಟಗಾರರೇ ಮಾಡಿದ ಆಡ್-ಆನ್) ಬಳಸುವವರಾದರೆ, ಆಟ ಅಪ್‌ಡೇಟ್ ಆಗುವ ಮುಂಚೆ ಸೇವ್ ಫೋಲ್ಡರ್ ಅನ್ನೇ ಕಾಪಿ ಮಾಡಿಡಿ. ಒಂದು ಫೈಲ್ ಕೆಟ್ಟು ಆರು ತಲೆಮಾರು ಹೋದರೆ ಮತ್ತೆ ಕೂತು ಆಡೋ ಹುಮ್ಮಸ್ಸು ಬರೋದು ಕಷ್ಟ.

ಈಗಿನ ಮನೆಯನ್ನು ಬಿಟ್ಟು ಹೊಸದು ಶುರು ಮಾಡಬೇಡಿ. ಇವತ್ತು ಅದೇ ಸೇವ್ ತೆರೆಯಿರಿ. ಮೂರನೆಯವರ ಕೆಲಸ ಬಿಡಿಸಿ, ಆ ಮನೆಯಲ್ಲಿ ಯಾರೂ ಇನ್ನೂ ಕಲಿಯದ ಒಂದು ಸ್ಕಿಲ್ ಶುರು ಮಾಡಿಸಿ. ಆಮೇಲೆ ಬಿಲ್ಡ್ ಮೋಡ್‌ಗೆ ಹೋಗಿ ದುಡ್ಡು ಖಾಲಿ ಮಾಡಿ.