ಕಲಬುರಗಿ ಬಿಸಿಲು ಕಂಡೋರಿಗೆ ಫೀನಿಕ್ಸ್ ಬಿಸಿಲು ಏನ್ ಮಹಾ?

ಪ್ರಶ್ನೆ: ನಾವು ಮೂಲ ಕಲಬುರಗಿ ಕಡೆಯವ್ರು, ಬಹಳ ವರ್ಷದಿಂದ ಪುಣೇದಾಗ ಕೋಥ್ರೂಡಿನಾಗ ಇದ್ದೀವಿ. ಜುಲೈನಾಗ ಮಗಳ ಬಾಣಂತನಕ್ಕ ಅಮೆರಿಕದ ಫೀನಿಕ್ಸಿಗೆ ಹೊಂಟೀವಿ. ಅಳಿಯ ಫೋನ್ ಮಾಡಿದಾಗೊಮ್ಮೆ ಬಿಸಿಲು ಬಿಸಿಲು ಅಂತ ಹೆದರಸ್ತಾನ. ಕಲಬುರಗಿ ಬಿಸಿಲಿನಾಗ ಹುಟ್ಟಿ ಬೆಳೆದೋರಿಗೆ ಅದೇನ್ ಹೊಸದ್ರಿ? ಖರೇನ ಅಷ್ಟು ಅಪಾಯ ಅದ ಏನು?

ಉತ್ತರ: ಅಕ್ಕಾವ್ರೆ, ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಕಂಪ್ಯೂಟರ್ ಚಿಪ್ ಮಾಡೋ ಇಂಟೆಲ್ ಕಂಪನಿ ಇರೋದ್ರಿಂದ ಆ ಕಡೆ ನಮ್ಮ ಹುಡುಗರು ಬಹಳ ಜನ ಇದ್ದಾರೆ, ಹಾಗಾಗಿ ಪುಣೆಯ ಕನ್ನಡದ ಮನೆಗಳಲ್ಲಿ ಯಾರಾದ್ರೂ ಒಬ್ಬರು ಬಾಣಂತನಕ್ಕೋ ಮೊಮ್ಮಗನ ನೋಡ್ಕೊಳ್ಳೋಕೋ ಅಲ್ಲಿಗೆ ಹೊರಟೇ ಇರ್ತಾರೆ, ಎಲ್ಲರೂ ಹೇಳೋದು ಇದೇ ಮಾತು, ನಮಗೆ ಬಿಸಿಲು ಹೊಸದಲ್ಲ ಅಂತ. ಅಪಾಯ ಇದೆಯಾ ಅಂದ್ರೆ ಇದೆ, ಅಳಿಯ ಸುಮ್ನೆ ಹೆದರಿಸ್ತಿಲ್ಲ. ಆದ್ರೆ ನೀವು ಅಂದ್ಕೊಂಡ ಜಾಗದಲ್ಲಿ ಇಲ್ಲ ಅದು.

ಮಧ್ಯಾಹ್ನದ ಡಿಗ್ರಿ ಮಾತ್ರ ನೋಡಿದ್ರೆ ನಿಮ್ಮ ಮಾತು ಮುಕ್ಕಾಲು ಸರಿ. ಕಲಬುರಗೀಲಿ ಏಪ್ರಿಲ್-ಮೇ ತಿಂಗಳಲ್ಲಿ 42, 43 ನೋಡಿದೋರು ನೀವು, ಫೀನಿಕ್ಸ್‌ನಲ್ಲಿ ಜುಲೈನ ಮಾಮೂಲಿ ಮಧ್ಯಾಹ್ನನೂ ಸುಮಾರು ಅಷ್ಟೇ. ವ್ಯತ್ಯಾಸ ಇರೋದು ಅದು ಎಷ್ಟು ದಿನ ಎಳೆಯುತ್ತೆ, ರಾತ್ರಿ ಏನಾಗುತ್ತೆ ಅನ್ನೋದ್ರಲ್ಲಿ. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಅಲ್ಲಿ 43 ಡಿಗ್ರಿ ಮುಟ್ಟಿತ್ತು ಅಥವಾ ದಾಟಿತ್ತು, ಅವರ ಲೆಕ್ಕದಲ್ಲಿ 110 ಫ್ಯಾರನ್‌ಹೀಟ್. ಅದೇ ಜುಲೈ 19ರಂದು ರಾತ್ರಿಯ ಅತಿ ಕಡಿಮೆ ಉಷ್ಣಾಂಶವೇ 36 ಡಿಗ್ರಿ! ಅಂದ್ರೆ ಪುಣೇಲಿ ಮಾರ್ಚ್ ಮಧ್ಯಾಹ್ನ ಇರುತ್ತಲ್ಲ, ಅದು ಅಲ್ಲಿ ಬೆಳಗಿನ ಜಾವದ ತಂಪು. ಮುಂದಿನ ವರ್ಷ 2024ರಲ್ಲಂತೂ ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ 113 ದಿನ ಒಂದೇ ಸಮನೆ 37.8 ಡಿಗ್ರಿಗಿಂತ ಕೆಳಗೆ ಬರಲೇ ಇಲ್ಲ ಹಗಲಿನ ಬಿಸಿಲು. ನಮ್ಮ ಕಡೆ ಮೃಗಶಿರಾ ಮಳೆ ಬಂದ್ರೆ ಮುಗೀತು, ಅಲ್ಲಿ ಆಗ ಶುರುವಾಗುತ್ತೆ ನಿಜವಾದ ಆಟ. ಹಗಲೆಲ್ಲ ಕಾದ ಡಾಂಬರು, ಕಾಂಕ್ರೀಟು ರಾತ್ರಿಯಿಡೀ ಶಾಖ ಬಿಡ್ತಾನೇ ಇರುತ್ತೆ, ಮೈಗೆ ಸುಧಾರಿಸ್ಕೊಳ್ಳೋಕೆ ಪುರುಸೊತ್ತೇ ಸಿಗಲ್ಲ. ಮಾಳಿಗೆ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಕ್ಕೊಂಡು ಮಲಗಿದ ನಿಮ್ಮ ಹಳೇ ಅನುಭವ ಅಲ್ಲಿ ಕೆಲಸಕ್ಕೆ ಬರಲ್ಲ.

ಇನ್ನೊಂದು ವಿಷಯ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಕಲಬುರಗೀಲಿ ಮಧ್ಯಾಹ್ನ ಎರಡು ಗಂಟೆಗೆ ತಲೆ ಸುತ್ತಿ ಬಂದ್ರೆ ಬೇವಿನ ಮರದ ಕೆಳಗೆ ಯಾರಾದ್ರೂ ಇರ್ತಾರೆ, ಅರವಟ್ಟಿಗೆ ಇರುತ್ತೆ, ಪಾನ್ ಅಂಗಡಿಯವನು "ಯಾಕ್ರೀ ಯಜಮಾನ್ರ, ಕೂಡ್ರಿ ಇಲ್ಲೆ" ಅಂತ ಸ್ಟೂಲ್ ಎಳೀತಾನೆ. ಮಗಳ ಮನೆ ಇರೋ ಬಡಾವಣೆಯ ರಸ್ತೇಲಿ ಆ ಹೊತ್ತಿಗೆ ಒಂದು ನರಪಿಳ್ಳೆ ಇರಲ್ಲ, ಎಲ್ಲರೂ ಬಾಗಿಲು ಹಾಕ್ಕೊಂಡು ಒಳಗೆ, ಹೋಗೋ ಕಾರಿನ ಗಾಜೂ ಏರಿಸಿರುತ್ತೆ. ಬಿದ್ದರೆ ನೋಡೋರಿಲ್ಲ. ಫೀನಿಕ್ಸ್ ಇರೋ ಮ್ಯಾರಿಕೋಪಾ ಕೌಂಟೀಲಿ (ನಮ್ಮ ಜಿಲ್ಲೆ ಥರ) 2023ರಲ್ಲಿ ಬಿಸಿಲಿಗೆ ಸಂಬಂಧಪಟ್ಟ ಸಾವು 645 ಅಂತ ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕ. ಅದರಲ್ಲಿ ಮನೆ ಮಠ ಇಲ್ಲದೆ ರಸ್ತೇಲಿ ಬದುಕೋ ಬಡವರೇ ಬಹಳ ಜನ, ಅದನ್ನೂ ಹೇಳಬೇಕು. ಆದ್ರೆ ಮನೆ ಒಳಗೇ ಸತ್ತೋರೂ ಕಮ್ಮಿ ಇಲ್ಲ, ಅಂಥ ಮನೆಗಳಲ್ಲಿ ಹೆಚ್ಚಿನ ಕಡೆ ಎಸಿ ಇತ್ತು, ಕೆಟ್ಟಿತ್ತು ಇಲ್ಲಾ ಆಫ್ ಇತ್ತು.

ಅದಕ್ಕೇ ಎಸಿ ವಿಷಯ ಸ್ವಲ್ಪ ಖಡಕ್ಕಾಗಿ ಹೇಳ್ತೀನಿ. ನಮ್ಮ ಹಿರಿಯರ ಒಂದು ಚಾಳಿ ಗೊತ್ತಲ್ಲ, ಅಳಿಯ ಆಫೀಸಿಗೆ ಹೋದ ತಕ್ಷಣ "ಪಾಪ ಎಷ್ಟು ಬಿಲ್ ಬರುತ್ತೋ" ಅಂತ ಎಸಿ ಬಂದ್ ಮಾಡಿ ಕಿಟಕಿ ತೆಗೆಯೋದು. ಅಲ್ಲಿ ಅದನ್ನ ಮಾಡ್ಲೇಬೇಡಿ. ಫೀನಿಕ್ಸ್ ಹತ್ತಿರ 2018ರಲ್ಲಿ 72 ವರ್ಷದ ಒಬ್ಬ ಅಜ್ಜಿ, ಕರೆಂಟ್ ಬಿಲ್‌ನಲ್ಲಿ 51 ಡಾಲರ್ ಬಾಕಿ ಇತ್ತು ಅಂತ ಲೈನ್ ಕಟ್ ಮಾಡಿದ್ದಕ್ಕೆ ಮನೆಯೊಳಗೇ ಸೆಕೆಗೆ ಸತ್ತರು. ಅದಾದ ಮೇಲೆ ಬೇಸಿಗೆ ತಿಂಗಳುಗಳಲ್ಲಿ ಬಾಕಿಗೋಸ್ಕರ ಕರೆಂಟ್ ಕತ್ತರಿಸೋ ಹಾಗಿಲ್ಲ ಅಂತ ಫೀನಿಕ್ಸ್ ಇರೋ ಅರಿಜೋನಾ ರಾಜ್ಯದಲ್ಲಿ ನಿಯಮ ಬಂತು. ಅಂದ್ರೆ ಅಲ್ಲಿ ಎಸಿ ಶೋಕಿ ಅಲ್ಲ, ಕುಡಿಯೋ ನೀರಿದ್ದ ಹಾಗೆ. ಬರೀ ಫ್ಯಾನ್ ಹಾಕ್ಕೊಂಡು ಕೂರ್ತೀನಿ ಅನ್ನೋದೂ ಬೇಡ, ಗಾಳಿ ನಮ್ಮ ಮೈಗಿಂತ ಬಿಸಿ ಇದ್ದಾಗ ಫ್ಯಾನ್ ಆ ಬಿಸಿಯನ್ನೇ ತಂದು ಮೈಮೇಲೆ ಸುರಿಯುತ್ತೆ. ಕೆಲವು ಹಳೇ ಮನೆಗಳಲ್ಲಿ ನಮ್ಮ ನೀರಿನ ಕೂಲರ್ ಥರದ್ದು ಇರುತ್ತೆ, ಜೂನ್‌ನ ಒಣ ಹವೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ, ಜುಲೈ ಕೊನೆಗೆ ತೇವ ಬಂದ ಮೇಲೆ ದಂಡ. ಹೋಗೋ ಮುಂಚೆ ಅಳಿಯನಿಗೆ ಒಂದೇ ಪ್ರಶ್ನೆ ಕೇಳಿ, ಎಸಿ ಕೆಟ್ಟರೆ ನಾವು ಯಾರ ಮನೆಗೆ ಹೋಗೋದು ಅಂತ. ಜುಲೈನಲ್ಲಿ ಮೆಕ್ಯಾನಿಕ್ ಕೂಡಲೇ ಸಿಗ್ತಾನೆ ಅನ್ನೋ ಭರವಸೆ ಇಲ್ಲ, ಎಲ್ಲರ ಎಸಿನೂ ಆಗಲೇ ಕೈ ಕೊಡೋದು. ಪಕ್ಕದ ಗೆಳೆಯರ ಮನೆ, ಲೈಬ್ರರಿ, ಮಾಲ್, ಯಾವುದಾದ್ರೂ ಒಂದು ಗೊತ್ತಿರ್ಲಿ. ಸರ್ಕಾರದವರೂ ಮೇ ಇಂದ ಸೆಪ್ಟೆಂಬರ್‌ವರೆಗೆ ಲೈಬ್ರರಿ, ಸಮುದಾಯ ಭವನಗಳಲ್ಲಿ ತಂಪಾಗಿ ಕೂರೋಕೆ ಜಾಗ, ಕುಡಿಯೋಕೆ ನೀರು ಇಟ್ಟಿರ್ತಾರೆ, 211ಕ್ಕೆ ಫೋನ್ ಮಾಡಿದ್ರೆ ಹತ್ತಿರದ್ದು ಯಾವುದು ಅಂತ ಹೇಳ್ತಾರೆ. ಅರವಟ್ಟಿಗೆ ಅಲ್ಲೂ ಇದೆ ಅಂತಾಯ್ತು, ಹುಡುಕ್ಕೊಂಡು ಹೋಗಬೇಕು ಅಷ್ಟೇ.

ನೀರಿನ ಮಾತು. ಅಲ್ಲಿ ಗಾಳಿ ಎಷ್ಟು ಒಣ ಅಂದ್ರೆ ಬೆವರು ಬಂದಿದ್ದೇ ಗೊತ್ತಾಗಲ್ಲ, ಬರ್ತಿದ್ದ ಹಾಗೇ ಆರಿ ಹೋಗುತ್ತೆ. ಮುಂಬೈನಲ್ಲಿ ಲೋಕಲ್ ಇಳಿದು ಅಂಗಿ ಹಿಂಡೋ ಹಾಗೆ ಆದ್ರೆ ಕನಿಷ್ಠ ನೀರು ಕುಡೀಬೇಕು ಅಂತ ಹೊಳೆಯುತ್ತೆ, ಫೀನಿಕ್ಸ್‌ನಲ್ಲಿ ಆ ಸೂಚನೆನೇ ಇಲ್ಲ. ವಯಸ್ಸಾದ ಮೇಲೆ ಬಾಯಾರಿಕೆನೂ ತಡವಾಗಿ ಆಗೋದು, ಬೆವರೋದೂ ಕಮ್ಮಿ. ಹಾಗಾಗಿ ಬಾಯಾರಲಿ ಬಿಡಲಿ, ಗಂಟೆಗೊಮ್ಮೆ ನೀರು, ಮಜ್ಜಿಗೆ, ಏನಾದ್ರೂ. ಬಿಪಿಗೆ ನೀರು ಹೋಗೋ ಮಾತ್ರೆ ತಗೊಳ್ಳೋರು, ಹೃದಯದ್ದೋ ಕಿಡ್ನಿದ್ದೋ ತೊಂದರೆ ಇದ್ದು ನೀರು ಇಷ್ಟೇ ಕುಡೀರಿ ಅಂತ ಹೇಳಿಸ್ಕೊಂಡೋರು, ಹೊರಡೋ ಮುಂಚೆ ಪುಣೆಯಲ್ಲೇ ನಿಮ್ಮ ಡಾಕ್ಟರ್ ಹತ್ರ ಹೋಗಿ "ಮರುಭೂಮಿಗೆ ಹೋಗ್ತಿದ್ದೀನಿ" ಅಂತ ಬಿಡಿಸಿ ಹೇಳಿ ಕೇಳ್ಕೊಂಡು ಬನ್ನಿ, ನೀವೇ ಮಾತ್ರೆ ಕಮ್ಮಿ ಜಾಸ್ತಿ ಮಾಡ್ಕೋಬೇಡಿ. ಯಜಮಾನ್ರಿಗೆ ಇನ್ಸುಲಿನ್ ಇದ್ರೆ ಅದು ಕೈಚೀಲದಲ್ಲೇ ವಿಮಾನ ಹತ್ತಲಿ, ಅಲ್ಲಿ ಇಳಿದ ಮೇಲೆ ಐದು ನಿಮಿಷಕ್ಕೂ ಕಾರಲ್ಲಿ ಬಿಟ್ಟು ಹೋಗಬೇಡಿ.

ಶುಗರ್ ಇರೋರಿಗೆ ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಮಧ್ಯಾಹ್ನ ಅಲ್ಲಿ ಡಾಂಬರು 70 ಡಿಗ್ರಿ ತನಕ ಕಾಯುತ್ತೆ, ಕೆಲವೇ ಸೆಕೆಂಡಲ್ಲಿ ಚರ್ಮ ಸುಟ್ಟು ಬೊಬ್ಬೆ ಏಳುತ್ತೆ. ರಸ್ತೆ ಮೇಲೆ ಎಡವಿ ಬಿದ್ದು ಏಳಕ್ಕಾಗದೆ ಸುಟ್ಟುಕೊಂಡೋರು ಪ್ರತಿ ಬೇಸಿಗೇಲೂ ಅಲ್ಲಿನ ಸುಟ್ಟಗಾಯದ ವಾರ್ಡ್ ಸೇರ್ತಾರೆ. ನಾವೋ, ಕಸ ಹಾಕೋಕೆ, ಪೋಸ್ಟ್ ಡಬ್ಬಿ ನೋಡೋಕೆ, ಹಿತ್ತಲ ತುಳಸಿಗೆ ನೀರು ಹಾಕೋಕೆ ಬರಿಗಾಲಲ್ಲೇ ಹೋಗೋ ಮಂದಿ. ಶುಗರಿಂದ ಪಾದ ಜುಮು ಜುಮು ಅಂತ ಮರಗಟ್ಟಿದ್ರೆ ಸುಡೋದೂ ತಿಳಿಯಲ್ಲ, ಸಂಜೆ ನೋಡ್ಕೊಂಡಾಗಲೇ ಗೊತ್ತಾಗೋದು. ದೇವಸ್ಥಾನಕ್ಕೆ ಹೋದಾಗ ಚಪ್ಪಲಿ ಬಾಗಿಲ ಒಳಗೆ ಬಿಡೋ ಜಾಗ ಇದೆಯಾ ನೋಡಿ, ಇಲ್ಲಾಂದ್ರೆ ಸಾಕ್ಸ್ ಹಾಕ್ಕೊಳ್ಳಿ, ಹೊರಗೆ ಕಲ್ಲಿನ ಮೇಲೆ ಪ್ರದಕ್ಷಿಣೆ ಅಂತೆಲ್ಲ ಹಠ ಬೇಡ, ದೇವರು ತಿಳ್ಕೋತಾನೆ. ತುಳಸಿಗೆ ನೀರು ಹಾಕೋ ಪೈಪಿಂದ ಮೊದಲು ಬರೋ ನೀರು ಕೈ ಸುಡೋ ಅಷ್ಟು ಬಿಸಿ ಇರುತ್ತೆ, ಸ್ವಲ್ಪ ಹೊತ್ತು ನೆಲಕ್ಕೆ ಬಿಟ್ಟು ಆಮೇಲೆ ಗಿಡಕ್ಕೆ. ಮನೆಯೊಳಗೆ ತಣ್ಣೀರಿನ ನಲ್ಲಿ ತಿರುಗಿಸಿದ್ರೂ ಬೆಚ್ಚಗಿನ ನೀರೇ ಬರೋದು. ಕೂಸಿಗೆ ನೀರು ಹಾಕೋವಾಗ ಮೊಣಕೈ ಅದ್ದಿ ನೋಡೋ ನಿಮ್ಮ ಪದ್ಧತಿ ಇದೆಯಲ್ಲ, ಅದು ಬಂಗಾರ, ಬಿಡಬೇಡಿ.

ಬಾಣಂತನ ಅಂದ್ರಿ, ಇಲ್ಲಿ ಮಗಳಿಗೂ ನಿಮಗೂ ಜಗಳ ಆಗೋ ಜಾಗ ಇದು. ಬಾಣಂತಿಗೆ ನೀರು ಕಮ್ಮಿ ಕೊಡಬೇಕು, ಹೊಟ್ಟೆ ಬರುತ್ತೆ ಅನ್ನೋ ಹಳೇ ಕಟ್ಟಳೆ ನಮ್ಮ ಕಡೆ ಇನ್ನೂ ಇದೆ, ಪುಣೆಯಲ್ಲೇ ಅದು ತಪ್ಪು, ಅಲ್ಲಂತೂ ಹಾಲು ಕುಡಿಸೋ ತಾಯಿಗೆ ಅಪಾಯನೇ. ಕೇಳಿದಷ್ಟು ಕೊಡಿ, ಕೇಳದಿದ್ರೂ ಕೊಡಿ. ಕೂಸಿಗೆ ಮಾತ್ರ ಆರು ತಿಂಗಳವರೆಗೆ ಮೇಲಿನ ನೀರು ಬೇಡ, ಸೆಕೆ ಅಂತ ಚಮಚದಲ್ಲಿ ಹಾಕೋಕೆ ಹೋಗಬೇಡಿ, ತಾಯಿ ಹಾಲಲ್ಲೇ ಅದಕ್ಕೆ ಬೇಕಾದಷ್ಟು ನೀರಿದೆ. ಕುಂಚಿಗಿ, ಸ್ವೆಟರ್, ಮೇಲೆ ದುಪ್ಪಟಿ ಅಂತ ಸುತ್ತಿ ಸುತ್ತಿ ಇಡೋದು, ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ ಇವೆಲ್ಲ ಬಿಟ್ಟುಬಿಡಿ. ಹಸುಗೂಸಿಗೆ ಮೈ ಶಾಖ ಹೊಂದಿಸ್ಕೊಳ್ಳೋಕೆ ಬರಲ್ಲ, ಅತಿಯಾಗಿ ಸುತ್ತಿದ್ರೆ ಎಸಿ ರೂಮಲ್ಲೂ ಕಾಯುತ್ತೆ. (ಹೊಗೆ ಹಾಕಿದ್ರೆ ಅಲಾರಂ ಹೊಡ್ಕೊಂಡು ಇಡೀ ಅಪಾರ್ಟ್‌ಮೆಂಟ್ ಕೆಳಗೆ ಬಂದು ಬಿಸಿಲಲ್ಲಿ ನಿಲ್ಲುತ್ತೆ, ಆಮೇಲೆ ಅಳಿಯನ ಮುಖ ನೀವೇ ನೋಡಬೇಕು.) ಡಾಕ್ಟರ್ ಹತ್ರ ಕರ್ಕೊಂಡು ಹೋಗೋವಾಗ ಕಾರಿನ ಎಸಿ ಮೊದಲು ಓಡಿಸಿ, ಮಗುವಿನ ಸೀಟಿನ ಬಕಲ್ ಮುಟ್ಟಿ ನೋಡಿ ಆಮೇಲೆ ಕೂರಿಸಿ. ನಿಂತ ಕಾರಲ್ಲಿ ಮಗುನ ಬಿಟ್ಟು "ಎರಡೇ ನಿಮಿಷ" ಅನ್ನೋದು ಬೇಡವೇ ಬೇಡ, ಗಾಜು ಸ್ವಲ್ಪ ಇಳಿಸಿದ್ರೂ ಪ್ರಯೋಜನ ಇಲ್ಲ.

ಹಾಗಾದ್ರೆ ಜನ ಅಲ್ಲಿ ಬದುಕೋದು ಹೇಗೆ, ಮನೇಲೇ ಕೊಳೀಬೇಕಾ ಅಂತ ಕೇಳಬಹುದು. ಇಲ್ಲ, ದಿನಾನೇ ತಿರುಗಿಸಿ ಹಾಕ್ಕೊಂಡಿದ್ದಾರೆ. ಜುಲೈನಲ್ಲಿ ಐದೂವರೆಗೆಲ್ಲ ಸೂರ್ಯ ಹುಟ್ತಾನೆ, ನಾಯಿ ಓಡಾಡಿಸೋರು, ಸೈಕಲ್‌ನವರು, ವಾಕಿಂಗ್‌ನವರು ಎಲ್ಲ ಅದಕ್ಕೂ ಮುಂಚೆ ಹೊರಗೆ. ಕಟ್ಟಡದ ಕೆಲಸದವರೂ ಬೇಸಿಗೇಲಿ ನಸುಕಿಗೇ ಶುರು ಮಾಡ್ತಾರೆ. ಪುಣೆಗೂ ಅಲ್ಲಿಗೂ ಹನ್ನೆರಡೂವರೆ ಗಂಟೆ ಫರಕು, ಹಾಗಾಗಿ ಮೊದಲ ವಾರ ನಿಮಗೆ ಮೂರು ಗಂಟೆಗೇ ಎಚ್ಚರ ಆಗುತ್ತೆ, ಅದನ್ನ ಶಾಪ ಅಂದ್ಕೋಬೇಡಿ, ಆ ಊರಿಗೆ ಅದೇ ಸರಿಯಾದ ಟೈಮು. ಅಮೆರಿಕದ ಬಹುಪಾಲು ಕಡೆ ಬೇಸಿಗೇಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಳ್ತಾರೆ, ಅರಿಜೋನಾದ ಹೆಚ್ಚಿನ ಭಾಗ ತಳ್ಳಲ್ಲ, ಯಾಕಂದ್ರೆ ಸಂಜೆ ಬಿಸಿಲು ಇನ್ನೊಂದು ಗಂಟೆ ಯಾರಿಗೆ ಬೇಕು. ಹಗಲು ಮಾಲ್ ಒಳಗೇ ಸುತ್ತು ಹೊಡೆಯೋ ಹಿರಿಯರ ಗುಂಪು ಇರುತ್ತೆ, ಲೈಬ್ರರೀಲಿ ಮಕ್ಕಳ ಕಥೆ ಕಾರ್ಯಕ್ರಮ ಇರುತ್ತೆ, ಕತ್ತಲಾದ ಮೇಲೆ ಈಜುಕೊಳದ ಸುತ್ತ ಮಕ್ಕಳ ಗಲಾಟೆ. ನಮ್ಮವರು ಶ್ರಾವಣದ ಪೂಜೆ, ಗಣಪತಿ ಹಬ್ಬ ಎಲ್ಲ ಯಾರದೋ ದೊಡ್ಡ ಹಾಲ್‌ನಲ್ಲಿ ರಾತ್ರಿ ಮಾಡ್ಕೋತಾರೆ, ಹೊರಗಿನ ಪಿಕ್ನಿಕ್ಕು ಕ್ರಿಕೆಟ್ಟು ಎಲ್ಲ ನವೆಂಬರ್ ಆದ ಮೇಲೆ. ನೀವು ಮೊದಲ ವಾರದಲ್ಲೇ ಅಕ್ಕಪಕ್ಕದ ಎರಡು ಮೂರು ಮನೆಯವರ ಪರಿಚಯ ಮಾಡ್ಕೊಳ್ಳಿ, ದಿನಕ್ಕೆರಡು ಸಲ ಒಬ್ಬರಿಗೊಬ್ಬರು ಫೋನ್ ಮಾಡೋ ರೂಢಿ ಇಟ್ಕೊಳ್ಳಿ, ಬೇವಿನ ಮರದ ಕೆಳಗಿನವರ ಕೆಲಸ ಅಲ್ಲಿ ಈ ಫೋನೇ ಮಾಡಬೇಕು.

ಯಜಮಾನ್ರು ದಿನಾ ಪುಣೆಯ ತಳಜಾಯಿ ಟೇಕಡಿ (ಗುಡ್ಡ) ಹತ್ತೋರಾದ್ರೆ ಅವರನ್ನ ಸ್ವಲ್ಪ ಹಿಡ್ಕೊಳ್ಳಿ. ಊರ ಮಧ್ಯೆ ಕ್ಯಾಮೆಲ್‌ಬ್ಯಾಕ್ ಅಂತ ಗುಡ್ಡ ಇದೆ, ನೋಡೋಕೆ ಹತ್ತಿರ, ಫೋಟೋ ಬೇರೆ ಚೆನ್ನಾಗಿ ಬರುತ್ತೆ. ನೆರಳೇ ಇಲ್ಲ, ಬಂಡೆ ಕಾದಿರುತ್ತೆ, ಬೇರೆ ಊರಿಂದ ಬಂದೋರನ್ನ ಅಗ್ನಿಶಾಮಕದವರು ಕೆಳಗಿಳಿಸೋದು ಮಾಮೂಲಿ. ಅದಕ್ಕೇ ಬಿಸಿಲಿನ ಎಚ್ಚರಿಕೆ ಇದ್ದ ದಿನ ಬೆಳಗ್ಗೇನೇ ದಾರಿ ಮುಚ್ಚಿ ಸಂಜೆ 5ರವರೆಗೆ ಬಿಡಲ್ಲ.

ಮಳೆಗಾಲ ಅಂತ ಅವರೂ ಅಂತಾರೆ, ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಪುಣೆ ಮಳೆ ನೆನೆಸ್ಕೊಂಡು ಹೋಗಬೇಡಿ, ಬರೋದು ಬಹಳ ಸಲ ಧೂಳಿನ ಗೋಡೆ. ಕಾರಲ್ಲಿದ್ದಾಗ ಬಂದ್ರೆ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಇಳಿಸಿ ಲೈಟ್ ಆರಿಸಿ ಬ್ರೇಕಿಂದ ಕಾಲು ತೆಗೆದು ಕೂರಬೇಕು, ಲೈಟ್ ಉರೀತಿದ್ರೆ ಹಿಂದಿನವನು ಅದೇ ದಾರಿ ಅಂದ್ಕೊಂಡು ಬಂದು ಗುದ್ದುತ್ತಾನೆ.

ಯಾರಾದ್ರೂ ಬಿಸಿಲಿಗೆ ಸಿಕ್ಕಿ ಮಾತು ತೊದಲಿದ್ರೆ, ಏನೇನೋ ಬಡಬಡಿಸಿದ್ರೆ, ಎಚ್ಚರ ತಪ್ಪಿದ್ರೆ ಅದು ಬರೀ ಸುಸ್ತಲ್ಲ, ಹೀಟ್ ಸ್ಟ್ರೋಕ್. ಮೂಗಿಗೆ ಉಳ್ಳಾಗಡ್ಡಿ ಹಿಡ್ಕೊಂಡು ಕೂರೋ ಹೊತ್ತಲ್ಲ ಅದು. ಅಲ್ಲಿನ ತುರ್ತು ಸೇವೆ 911ಕ್ಕೆ ಫೋನ್ ಮಾಡಿ, ಒಳಗೆ ಎಳ್ಕೊಂಡು ಮೈಗೆಲ್ಲ ತಣ್ಣೀರು ಸುರೀರಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೈ ಬೇಗ ತಣ್ಣಗಾಗೋದೇ ಮುಖ್ಯ, ಫೀನಿಕ್ಸ್‌ನ ಅಗ್ನಿಶಾಮಕದವರು 2024ರಿಂದ ಅಂಥವರನ್ನ ಐಸ್ ತುಂಬಿದ ಚೀಲದಲ್ಲಿ ಮಲಗಿಸ್ಕೊಂಡೇ ಆಸ್ಪತ್ರೆಗೆ ಒಯ್ತಾರೆ. ಮಗಳ ಮನೆ ಅಡ್ರೆಸ್ಸು ಇಂಗ್ಲಿಷಲ್ಲೂ ಕನ್ನಡದಲ್ಲೂ ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ, ಗಾಬರೀಲಿ ನಂಬರು ನೆನಪಾಗಲ್ಲ.

ಬ್ಯಾಗಿಗೆ ಏನು ಹಾಕ್ಕೋಬೇಕು ಅಂದ್ರೆ ಕಾಟನ್ ಸೀರೆ, ತುಂಬು ತೋಳಿನ ತೆಳು ಬಟ್ಟೆ, ಗಟ್ಟಿ ಅಟ್ಟೆಯ ಚಪ್ಪಲಿ ಎರಡು ಜೊತೆ, ಓಆರ್‌ಎಸ್ ಪ್ಯಾಕೆಟ್ (ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಅಂದಾಜಿಗಲ್ಲ), ಮಾತ್ರೆಗಳ ಜೊತೆ ಡಾಕ್ಟರ್ ಚೀಟಿ. ಆಮೇಲೆ ಒಂದು ಸ್ವೆಟರ್, ನಗಬೇಡಿ, ಅಲ್ಲಿನ ಮಾಲು, ಲೈಬ್ರರಿ ಒಳಗೆ ಎಸಿ ಎಷ್ಟು ಜೋರಿರುತ್ತೆ ಅಂದ್ರೆ ಅರ್ಧ ಗಂಟೆಗೆ ನಿಮ್ಮ ಮೊಣಕಾಲು ಹಿಡ್ಕೊಳ್ಳುತ್ತೆ.