ಕಿತ್ತಳೆ ಕತ್ತರಿಸದೆ ಸಿಹಿ ಅಳೆಯುವುದು ಹೇಗೆ: ಎನ್‌ಐಆರ್ ಟಿಪ್ಪಣಿ

ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾದ ಎದುರು ಹಿಡಿದು ಒಂದು ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಪರದೆಯ ಮೇಲೆ ಮಾತ್ರ ತಿಳಿನೇರಳೆ ಚುಕ್ಕೆಯೊಂದು ಮಿಣುಕುತ್ತದೆ. (ಕೆಲವು ಫೋನುಗಳಲ್ಲಿ ಸೆಲ್ಫಿ ಕ್ಯಾಮೆರಾದಲ್ಲಷ್ಟೇ ಕಾಣುತ್ತದೆ.) ಅದು ಸುಮಾರು 940 ನ್ಯಾನೋಮೀಟರಿನ ಬೆಳಕು. ಕೆಂಪಿನ ಆಚೆ, ಸುಮಾರು 2500 ನ್ಯಾನೋಮೀಟರ್‌ವರೆಗೆ ಇರುವ ಈ ಭಾಗಕ್ಕೆ ನಿಯರ್ ಇನ್ಫ್ರಾರೆಡ್, ಚಿಕ್ಕದಾಗಿ ಎನ್‌ಐಆರ್ ಅನ್ನುತ್ತಾರೆ.

ಕೆಂಪಿನ ಆಚೆಗೂ ಬೆಳಕಿದೆ ಎಂದು 1800ರಲ್ಲಿ ತೋರಿಸಿದವರು ವಿಲಿಯಂ ಹರ್ಶೆಲ್. ಅದನ್ನು ಕಾಳು, ಹಣ್ಣು ಅಳೆಯುವ ಕೆಲಸಕ್ಕೆ ಹಚ್ಚಿದವರಲ್ಲಿ ಮೊದಲ ಹೆಸರು ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ ಅವರದು. 1980ರ ದಶಕದ ಕೊನೆಗೆ ಜಪಾನಿನಲ್ಲಿ ಪೀಚ್ ಹಣ್ಣನ್ನು ಬೆಲ್ಟ್ ಮೇಲೆ ಓಡಿಸುತ್ತಲೇ ಸಿಹಿ ನೋಡಿ ಬೇರೆ ಮಾಡುವ ಯಂತ್ರಗಳು ಬಂದವು. ಆಮೇಲೆ ಕಿತ್ತಳೆಯ ಸರದಿ.

ಈ ಬೆಳಕೇ ಯಾಕೆ ಬೇಕು? ತಂಬೂರಿ ಮೀಟಿದಾಗ ಮುಖ್ಯ ಸ್ವರದ ಜೊತೆಗೆ ಅದರ ಮೇಲಿನ ಸಣ್ಣ ಸ್ವರಗಳೂ ಕೇಳುತ್ತವೆ ಅಲ್ವಾ? ಅಣುಗಳ ಒಳಗಿನ ಬಂಧಗಳೂ ಹೆಚ್ಚುಕಡಿಮೆ ಹಾಗೆಯೇ ಅದುರುತ್ತವೆ. ಅವುಗಳ ಮುಖ್ಯ ಕಂಪನ ಇನ್ನೂ ಉದ್ದದ ತರಂಗಾಂತರದಲ್ಲಿದೆ. ಅಲ್ಲಿ ಹೀರುವಿಕೆ ಎಷ್ಟು ಜೋರೆಂದರೆ ಬೆಳಕು ಸಿಪ್ಪೆ ದಾಟುವುದೇ ಇಲ್ಲ. ಎನ್‌ಐಆರ್‌ನಲ್ಲಿ ಸಿಗುವುದು ಮೇಲಿನ ಸ್ವರಗಳು, ಅಂದರೆ ಓವರ್‌ಟೋನ್‌ಗಳು. ಇವು ತುಂಬಾ ಕ್ಷೀಣ. ಅದೇ ನಮಗೆ ಅನುಕೂಲ: ಸ್ವಲ್ಪ ಸ್ವಲ್ಪವೇ ಹೀರಿಕೊಳ್ಳುವುದರಿಂದ ಬೆಳಕು ಹಣ್ಣಿನ ಒಳಗೆ ಸುತ್ತಾಡಿ ಹೊರಗೆ ಬರುತ್ತದೆ. 1450 ನ್ಯಾನೋಮೀಟರಿನ ಹತ್ತಿರ ನೀರು ಜೋರಾಗಿ ಹೀರುತ್ತದೆ. ಹಾಗಾಗಿ ಹಣ್ಣಿನ ಆಳ ನೋಡಬೇಕಾದವರು 700ರಿಂದ 1100ರೊಳಗೆ ಕೆಲಸ ಮಾಡುತ್ತಾರೆ. ಇಷ್ಟಕ್ಕೆ ಕಡಿಮೆ ಬೆಲೆಯ ಸಿಲಿಕಾನ್ ಡಿಟೆಕ್ಟರ್ ಸಾಕು.

ಈಗ ವೇಗದ ವಿಷಯ. ನನಗೆ ಇದು ಅರ್ಥವಾಗಲು ತುಂಬಾ ದಿನ ಹಿಡಿಯಿತು, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ. ಬೆಲ್ಟ್ ಸೆಕೆಂಡಿಗೆ 1 ಮೀಟರ್ ಓಡುತ್ತಿದೆ ಎಂದುಕೊಳ್ಳಿ. ಅಂದರೆ 1 ಮಿಲಿಸೆಕೆಂಡಿಗೆ 1 ಮಿಲಿಮೀಟರ್. 8 ಸೆಂಟಿಮೀಟರಿನ ಕಿತ್ತಳೆ 80 ಮಿಲಿಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಹಳೆಯ ಮಾದರಿಯ ಸ್ಪೆಕ್ಟ್ರೋಮೀಟರ್ ತರಂಗಾಂತರಗಳನ್ನು ಒಂದಾದ ಮೇಲೆ ಒಂದರಂತೆ ಅಳೆಯುತ್ತದೆ. ಅದನ್ನು ಎಷ್ಟೇ ಚುರುಕು ಮಾಡಿದರೂ 700ರ ಅಳತೆ ಹಣ್ಣಿನ ತೊಟ್ಟಿನ ಕಡೆಯದ್ದು, 1100ರ ಅಳತೆ ಬುಡದ ಕಡೆಯದ್ದು ಆಗಿಬಿಡಬಹುದು. ಕಿತ್ತಳೆಯ ಬುಡ ತೊಟ್ಟಿಗಿಂತ ಸಿಹಿ. ಎರಡು ಜಾಗದ ಬೆಳಕನ್ನು ಹೊಲಿದು ಒಂದೇ ರೋಹಿತ (ಯಾವ ತರಂಗಾಂತರದ ಬೆಳಕು ಎಷ್ಟು ಬಂತು ಎಂಬ ನಕ್ಷೆ) ಎಂದು ಓದಿದ ಹಾಗಾಯಿತು.

ಇದಕ್ಕೆ ಪರಿಹಾರ ಡಯೋಡ್ ಅರೇ. ಗ್ರೇಟಿಂಗ್ ಎಂಬ ಸಣ್ಣ ಗೆರೆಗಳ ಫಲಕ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಹರಡುತ್ತದೆ. ಸಾಲಾಗಿ ಕೂತ ನೂರಾರು ಡಿಟೆಕ್ಟರ್‌ಗಳು ಎಲ್ಲಾ ತರಂಗಾಂತರಗಳನ್ನೂ ಒಂದೇ ಸಲ ಹಿಡಿಯುತ್ತವೆ. 20 ಮಿಲಿಸೆಕೆಂಡ್ ತೆಗೆದುಕೊಂಡರೆ ಹಣ್ಣು 2 ಸೆಂಟಿಮೀಟರ್ ಸರಿದಿರುತ್ತದೆ, ನಿಜ. ಆದರೆ ಆ 2 ಸೆಂಟಿಮೀಟರಿನ ಸರಾಸರಿ ಎಲ್ಲಾ ತರಂಗಾಂತರಕ್ಕೂ ಒಂದೇ. ಬೇಗ ಅಳೆಯುವುದಕ್ಕಿಂತ ಒಟ್ಟಿಗೇ ಅಳೆಯುವುದು ಮುಖ್ಯ. ಸಮಯವನ್ನು ಇನ್ನೂ ಕಡಿಮೆ ಮಾಡಿದರೆ ಡಿಟೆಕ್ಟರಿಗೆ ಬೀಳುವ ಬೆಳಕು ಕಡಿಮೆಯಾಗಿ ಗದ್ದಲ, ಅಂದರೆ ಅಳತೆಯಲ್ಲಿ ಸುಮ್ಮನೆ ಸೇರುವ ಏರುಪೇರು, ಜಾಸ್ತಿಯಾಗುತ್ತದೆ. ಅದಕ್ಕೇ ಈ ಲೈನುಗಳಲ್ಲಿ ಪ್ರಖರವಾದ ಹ್ಯಾಲೋಜನ್ ದೀಪ ಇಡುತ್ತಾರೆ. ದೀಪದ ಬೆಳಕು ಹಣ್ಣಿನ ಒಳಗೆ ಹೋಗದೆ ಪಕ್ಕದಿಂದ ನುಸುಳಿ ಬಂದರೆ ಅಳತೆ ಕೆಟ್ಟಿತು. ಹಾಗಾಗಿ ಎಷ್ಟೋ ಯಂತ್ರಗಳಲ್ಲಿ ಹಣ್ಣು ತಳದಲ್ಲಿ ತೂತಿರುವ ಬಟ್ಟಲಿನ ಮೇಲೆ ಕೂರುತ್ತದೆ, ಡಿಟೆಕ್ಟರ್ ಆ ತೂತಿನ ಕೆಳಗಿರುತ್ತದೆ.

ಕಸದಿಂದ ಪ್ಲಾಸ್ಟಿಕ್ ಬೇರ್ಪಡಿಸುವ ಯಂತ್ರದಲ್ಲೂ ಇದೇ ಬೆಳಕು. (ಕಪ್ಪು ಪ್ಲಾಸ್ಟಿಕ್ ಮಾತ್ರ ಸಿಕ್ಕುವುದಿಲ್ಲ. ಅದರಲ್ಲಿನ ಇಂಗಾಲದ ಪುಡಿ ಬೆಳಕನ್ನೆಲ್ಲಾ ನುಂಗಿಬಿಡುತ್ತದೆ.) ಅಲ್ಲಿ ಇದು ಯಾವ ಪ್ಲಾಸ್ಟಿಕ್ ಎಂದು ಗೊತ್ತಾದರೆ ಸಾಕು. ಹಣ್ಣಿಗೆ ಒಂದು ಸಂಖ್ಯೆಯೇ ಬೇಕು, ಉದಾಹರಣೆಗೆ 12 ಬ್ರಿಕ್ಸ್ (ಬ್ರಿಕ್ಸ್ ಅಂದರೆ ರಸದ ಸಿಹಿಯ ಅಳತೆ). ಆ ಸಂಖ್ಯೆ ರೋಹಿತದಲ್ಲಿ ಎಲ್ಲೂ ಬರೆದಿರುವುದಿಲ್ಲ. ಹಣ್ಣಿನ ಬಹುಪಾಲು ನೀರು, ಅದು 970 ನ್ಯಾನೋಮೀಟರಿನ ಹತ್ತಿರ ಬೆಳಕು ಹೀರಿ ರೋಹಿತದಲ್ಲಿ ಎಬ್ಬಿಸುವ ಗುಡ್ಡದ ಪಕ್ಕದಲ್ಲಿ ಸಕ್ಕರೆಯ ಗುರುತು ಸಣ್ಣ ಉಬ್ಬು ಅಷ್ಟೇ.

ಅದನ್ನು ಬಿಡಿಸಲು ಕ್ಯಾಲಿಬ್ರೇಶನ್ ಬೇಕು. ನೂರಾರು ಹಣ್ಣಿನ ರೋಹಿತ ತೆಗೆಯಿರಿ. ಅಳೆದ ಜಾಗದಲ್ಲೇ ಕೊಯ್ದು, ರಸ ಹಿಂಡಿ, ರಸದ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಹಾಕಿ ಬ್ರಿಕ್ಸ್ ಓದಿ. ಈ ಜೋಡಿಗಳಿಂದ ಪಿಎಲ್‌ಎಸ್ ಎಂಬ ಲೆಕ್ಕದ ವಿಧಾನ ಸಂಬಂಧ ಕಲಿಯುತ್ತದೆ. ರಸದ ಓದಿನಲ್ಲಿ ಕೈತಪ್ಪಿದ್ದರೆ ಮಾಡೆಲ್ ಆ ತಪ್ಪನ್ನೂ ಕಲಿಯುತ್ತದೆ.

ನಮ್ಮ ಪ್ರಾಜೆಕ್ಟ್‌ನಲ್ಲಿ ಎಡವಿದ್ದು ಇಲ್ಲೇ. ಮೇಜಿನ ಮೇಲೆ ಇಟ್ಟಿದ್ದ ಹಣ್ಣುಗಳಿಂದ ಮಾಡೆಲ್ ಕಟ್ಟಿದೆವು. ಪರೀಕ್ಷೆಗೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದವನ್ನು ಇಟ್ಟೆವು, ಸಿಪ್ಪೆಯ ಮೇಲೆ ಇನ್ನೂ ಬೆವರ ಹನಿ ಇತ್ತು. ಎಲ್ಲಾ ಅಂದಾಜೂ ಒಂದೇ ಕಡೆಗೆ ವಾಲಿದವು. ಎರಡು ದಿನ ಕೋಡ್ ಹುಡುಕಿದೆವು. ಕಾರಣ ನೀರಿನಲ್ಲಿತ್ತು: ಬಿಸಿಯಾದಂತೆ ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧ ಸಡಿಲವಾಗಿ 970ರ ಗುಡ್ಡ ಕಡಿಮೆ ತರಂಗಾಂತರದ ಕಡೆ ಸರಿಯುತ್ತದೆ, ತಣ್ಣಗಾದರೆ ಆಚೆಗೆ. ಆ ಸಣ್ಣ ಸರಿತವನ್ನೇ ಮಾಡೆಲ್ ಸಕ್ಕರೆಯ ವ್ಯತ್ಯಾಸ ಎಂದು ಓದಿತ್ತು. ಆಮೇಲೆ ಅವೇ ಹಣ್ಣುಗಳನ್ನು 10, 20, 30 ಡಿಗ್ರಿಯಲ್ಲಿ ಮೂರು ಸಲ ಅಳೆದು, ಕೊನೆಗೆ ಕೊಯ್ದು, ಮೂರೂ ರೋಹಿತಕ್ಕೆ ಒಂದೇ ಬ್ರಿಕ್ಸ್ ಬರೆದೆವು. ಬಿಸಿಯಿಂದಾಗುವ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಮಾಡೆಲ್ ಕಲಿತದ್ದು ಆಗ.